ಎಚ್ಚರಿಕೆಯ ಗಂಟೆಯೂ ಅದರ ಸುಳ್ಳು ಸದ್ದೂ

ಜೋಳ ತೆನೆಗಟ್ಟುವ ಕಾಲದಲ್ಲಿ ದೇವದುರ್ಗದ ಕಡೆಯ ಹಳ್ಳಿಗಳ ಹಾದಿಯಲ್ಲಿ ಇರುಳು ನಡೆದು ಹೋದವರಿಗೆ ಹೊಲ ಕಾಯುವ ನಾಯಿಗಳ ಪರಿಚಯವಿದ್ದೇ ಇರುತ್ತದೆ. ಅವುಗಳಲ್ಲಿ ಎರಡು ಬಗೆ. ಒಂದು, ಒಣಗಿದ ಎಲೆ ಅಲುಗಿದರೂ ಬೊಗಳುವಂಥದು. ಇನ್ನೊಂದು, ಸುಮ್ಮನೆ ಮಲಗಿದ್ದು, ಹಂದಿಯೋ ಕಳ್ಳನೋ ಬದುವನ್ನು ದಾಟಿದಾಗ ಮಾತ್ರ ಮೇಲೇಳುವಂಥದು. ಮೇಲುನೋಟಕ್ಕೆ ಮೊದಲನೆಯದೇ ಹೆಚ್ಚು ಎಚ್ಚರದ ನಾಯಿಯೆಂದು ತೋರುವುದು. ಆದರೆ ಅದರ ಒಡೆಯನು ಎರಡು ರಾತ್ರಿ ಎದ್ದು ಬಂದು ನೋಡಿ, ಮೂರನೆಯ ರಾತ್ರಿ ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಳ್ಳುತ್ತಾನೆ. ನಾಲ್ಕನೆಯ ರಾತ್ರಿ ಹಂದಿ ಬಂದು ಹೊಲವನ್ನು ಹಾಳುಮಾಡಿದರೆ ತಪ್ಪು ನಾಯಿಯದೋ, ಒಡೆಯನದೋ?

ಈ ಪ್ರಶ್ನೆಯನ್ನು ಇಂದು ಕಂಪ್ಯೂಟರುಗಳನ್ನು ಕಾಯುವವರು ದಿನವೂ ಎದುರಿಸುತ್ತಿದ್ದಾರೆ. ಕಂಪ್ಯೂಟರಿನೊಳಕ್ಕೆ ಹೋಗಬೇಕಾದವನು ತನ್ನ ಹೆಸರನ್ನೂ ಪಾಸ್‌ವರ್ಡ್ ಎಂಬ ಗುಟ್ಟಿನ ಪದವನ್ನೂ ಕೊಡಬೇಕಷ್ಟೆ. ಪದ ತಪ್ಪಾದರೆ ಬಾಗಿಲು ತೆರೆಯುವುದಿಲ್ಲ. ಆ ಸೋಲು ದಿನಚರಿಯೊಂದರಲ್ಲಿ ದಾಖಲಾಗುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಈ ದಾಖಲೆಗೆ 4625 ಎಂಬ ಸಂಖ್ಯೆ; ಒಳಹೊಕ್ಕುದಕ್ಕೆ 4624. ದಿನಚರಿಯನ್ನು ಸದಾ ಓದುತ್ತಿರತಕ್ಕ ಕಾವಲಿನ ಯಂತ್ರಾಂಶವು 4625ನ್ನು ಕಂಡೊಡನೆ ಗಂಟೆ ಬಾರಿಸುವಂತೆ, ಅಂದರೆ ಮೇಲ್ವಿಚಾರಕನಿಗೆ ಸಂದೇಶ ಕಳುಹಿಸುವಂತೆ, ಏರ್ಪಡಿಸಬಹುದು. ಏರ್ಪಾಡು ಸುಲಭ. ತೊಂದರೆ ಅಲ್ಲಿಂದಲೇ ಮೊದಲು.

ಬಾಗಿಲಿನ ಹಿಂದೆ ಏನಿದೆ ಎಂಬುದನ್ನೂ ನೆನೆಯಬೇಕು. ನಮ್ಮ ರಾಜ್ಯದ ರೈತರ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯು 2001ರ ಸುಮಾರಿಗೆ ರಾಜ್ಯದ ತಾಲೂಕು ಕಚೇರಿಗಳನ್ನೆಲ್ಲ ಮುಟ್ಟಿತು. ಮಾನ್ವಿ, ದೇವದುರ್ಗಗಳೂ ಅದರಲ್ಲಿ ಸೇರಿದುವು. ಸುಮಾರು 2 ಕೋಟಿ ದಾಖಲೆಗಳು ಹೀಗೆ ಕಾಗದದಿಂದ ಯಂತ್ರಕ್ಕೆ ಹೋದುವು. ಪಹಣಿಯ ಒಂದು ಸಾಲು ಬದಲಾದರೆ ಮೂರೆಕರೆಯ ರೈತನಿಗೆ ಬೆಳೆಸಾಲವೂ ಇಲ್ಲ, ಹೊಲವೂ ಇಲ್ಲ. ಇದನ್ನು ಅರಿತೇ ಆ ಯೋಜನೆಯನ್ನು ರೂಪಿಸಿದವರು ನೌಕರರು ಬರಿಯ ಪಾಸ್‌ವರ್ಡಿನಿಂದಲ್ಲ, ಬೆರಳಚ್ಚಿನಿಂದ ಒಳಗೆ ಹೋಗಬೇಕೆಂದು ಗೊತ್ತುಮಾಡಿದರು. ಬೆರಳಚ್ಚಿನಲ್ಲಿಯೂ ಸೋಲುಂಟು: ಕಳೆ ಕಿತ್ತು ಸವೆದ ಬೆರಳು ಪಡಿತರದ ಅಂಗಡಿಯ ಯಂತ್ರಕ್ಕೆ ಗುರುತು ಸಿಕ್ಕದಿರುವುದನ್ನು ಓದುಗರು ಕಂಡಿರಬಹುದು. ತನ್ನವನನ್ನು ಹೊರಗಿಡುವುದು ಒಂದು ತಪ್ಪು, ಪರರನ್ನು ಒಳಗೆ ಬಿಡುವುದು ಇನ್ನೊಂದು. ಒಂದನ್ನು ತಗ್ಗಿಸಹೊರಟರೆ ಮತ್ತೊಂದು ತಲೆಯೆತ್ತುವುದೇ ಈ ವಿಷಯದ ತಿರುಳು.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ರಾಯಚೂರಿನಲ್ಲಿ ಮುಖ್ಯ ಕಾಲೇಜೂ ದೇವದುರ್ಗ, ಮಾನ್ವಿಗಳಲ್ಲಿ ಶಾಖೆಗಳೂ ಇರುವ ಒಂದು ವಿದ್ಯಾಸಂಸ್ಥೆಯಲ್ಲಿ, ಭೌತಶಾಸ್ತ್ರದ ಅಧ್ಯಾಪಕನಿಗೆ ಯಂತ್ರಗಳೆಲ್ಲ ತಿಳಿದಿರಬೇಕೆಂಬ ನಂಬಿಕೆಯಿಂದ, ಕಂಪ್ಯೂಟರುಗಳ ಮೇಲ್ವಿಚಾರಣೆಯನ್ನು ನನಗೆ ಕಟ್ಟಿದರು. ಪ್ರತಿಯೊಂದು ಸೋಲಿಗೂ ಗಂಟೆ ಬಾರಿಸುವಂತೆ ನಾನೇ ಏರ್ಪಡಿಸಿದೆ. ದಸರೆಯ ರಜೆ ಮುಗಿದ ಸೋಮವಾರ ಒಂದೇ ದಿನ ಆರುನೂರಕ್ಕೂ ಮಿಕ್ಕಿ ಸಂದೇಶಗಳು ಬಂದುವು. ಎರಡನೆಯ ವಾರಕ್ಕೆ ನಾನೂ ಕಂಬಳಿ ಎಳೆದುಕೊಂಡೆ. ಸಂದೇಶಗಳು ತಾವಾಗಿಯೇ ಒಂದು ಮೂಲೆಗೆ ಹೋಗಿ ಬೀಳುವಂತೆ ಮಾಡಿದೆ. ಆ ಮೂಲೆಯಲ್ಲಿ ಒಂದು ನಿಜವಾದ ಕೂಗೂ ಬಿದ್ದಿತ್ತು. ರಾತ್ರಿ ಎರಡು ಗಂಟೆಯ ಮೇಲೆ, ನಿವೃತ್ತರಾದ ಗುಮಾಸ್ತರೊಬ್ಬರ ಹೆಸರಿನಲ್ಲಿ, ಯಾರೋ ಐದು ಸಲ ತಪ್ಪಿ ಆರನೆಯ ಸಲ ಒಳಹೊಕ್ಕಿದ್ದರು. ಅದನ್ನು ನಾನು ಕಂಡದ್ದು ಹನ್ನೊಂದು ದಿನಗಳ ಮೇಲೆ. ವಿದ್ಯಾರ್ಥಿಗಳ ಆಂತರಿಕ ಅಂಕಗಳ ಕಡತವನ್ನು ತೆರೆದಿದ್ದರು. ಸಹೋದ್ಯೋಗಿಗಳಿಬ್ಬರೊಡನೆ ಮೂರು ದಿನ ಕುಳಿತು ಕಾಗದದ ಪ್ರತಿಯೊಡನೆ ಹೋಲಿಸಿದೆವು. ಯಾವ ಅಂಕಿಯೂ ಬದಲಾಗಿರಲಿಲ್ಲ. ಕಾಗದದ ಪ್ರತಿ ಇಲ್ಲದಿದ್ದರೆ ವಿದ್ಯಾರ್ಥಿಗಳಿಗೆ ಏನು ಹೇಳುತ್ತಿದ್ದೆನೋ ನನಗೆ ತಿಳಿಯದು.

ಈ ಸದ್ದಿನ ಲೆಕ್ಕವನ್ನು ಸ್ವಲ್ಪ ನೋಡೋಣ. ಮೂರೂ ಊರುಗಳಲ್ಲಿ ಸೇರಿ 2000 ಮಂದಿ ದಿನಕ್ಕೊಂದು ಸಲ ಒಳಹೋಗುತ್ತಾರೆಂದೂ, ತಿಂಗಳಿಗೆ 25 ಕೆಲಸದ ದಿನಗಳೆಂದೂ ಇಟ್ಟುಕೊಳ್ಳೋಣ. ಒಟ್ಟು 50,000 ಪ್ರವೇಶಗಳಾದುವು. ಇಪ್ಪತ್ತಕ್ಕೆ ಒಂದು ಸಲ ಕೈತಪ್ಪಾದರೂ ತಿಂಗಳಿಗೆ 2500 ಗಂಟೆಗಳು. ನಿಜವಾದ ಕಳ್ಳ ತಿಂಗಳಿಗೆ ಒಬ್ಬ ಎನ್ನೋಣ. ಈಗ ಒಬ್ಬ ಜಾಣನು ಬಂದು, “ನನ್ನ ಯಂತ್ರ ನಿರಪರಾಧಿಯ ಮೇಲೆ ನೂರಕ್ಕೆ ಒಂದೇ ಸಲ ಕೂಗುವುದು, ಕಳ್ಳನನ್ನಂತೂ ಬಿಡುವುದೇ ಇಲ್ಲ” ಎನ್ನುತ್ತಾನೆ. ಕೇಳಲು ಎಷ್ಟು ಸೊಗಸು! ಆದರೆ 50,000ಕ್ಕೆ ನೂರರಲ್ಲಿ ಒಂದರಂತೆ 500 ಸುಳ್ಳು ಕೂಗು, ಅದರೊಡನೆ ಒಂದು ನಿಜ. ಗಂಟೆ ಬಾರಿಸಿದಾಗ ಅದು ನಿಜವಾಗಿರುವ ಸಂಭವ 501ರಲ್ಲಿ 1. ಯಂತ್ರ ಕೆಟ್ಟದೆಂದಲ್ಲ; ಹುಡುಕುತ್ತಿರುವ ವಸ್ತು ಬಹಳ ಅಪರೂಪದ್ದು. ಕೂಗಿದುದರಲ್ಲಿ ಅರ್ಧವಾದರೂ ನಿಜವಾಗಬೇಕಾದರೆ 50,000ಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಲಾಗದು.

“ಹಾಗಾದರೆ ಮೂರು ಸಲ ಸತತವಾಗಿ ತಪ್ಪಿದರೆ ಮಾತ್ರ ಕೂಗಲಿ” ಎಂದು ವಿದ್ಯಾರ್ಥಿಯೊಬ್ಬ ಹೇಳಿಯಾನು. ಸಂಭವನೀಯತೆಯ ಗುಣಾಕಾರದಂತೆ ಇಪ್ಪತ್ತರಲ್ಲಿ ಒಂದು ಎಂಬುದು ಮೂರು ಸಲ ಗುಣಿಸಿದಾಗ 8000ದಲ್ಲಿ ಒಂದಾಗುತ್ತದೆ. 50,000 ಪ್ರವೇಶಗಳಿಗೆ ಆರೇ ಕೂಗು. ಕಾಗದದ ಮೇಲೆ ಸಮಸ್ಯೆ ಮುಗಿಯಿತು. ನಾನೂ ಹೀಗೆಯೇ ಎಣಿಸಿ ಮೋಸಹೋದೆ. ಈ ಗುಣಾಕಾರವು ಸಲ್ಲುವುದು ಮೂರು ತಪ್ಪುಗಳೂ ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದಾಗ ಮಾತ್ರ. ಆದರೆ ಕ್ಯಾಪ್ಸ್ ಲಾಕ್ ಒತ್ತಿಟ್ಟವನು ಮೂರು ಸಲವೂ ತಪ್ಪುವನು. ಕನ್ನಡ ಪತ್ರವನ್ನು ಬೆರಳಚ್ಚು ಮಾಡಿ ಕೀಲಿಮಣೆಯನ್ನು ಕನ್ನಡದಲ್ಲಿಯೇ ಬಿಟ್ಟವನು ಹತ್ತು ಸಲವೂ ತಪ್ಪುವನು. ರಜೆಯಲ್ಲಿ ಮರೆತವನ ಗತಿಯೂ ಅದೇ. ಎಲ್ಲಕ್ಕೂ ಮಿಗಿಲಾಗಿ, ಪಾಸ್‌ವರ್ಡನ್ನು ಬದಲಿಸಿದ ಅಧ್ಯಾಪಕರ ಜೇಬಿನಲ್ಲಿರುವ ಮೊಬೈಲು ಹಳೆಯ ಪದವನ್ನೇ ಹಿಡಿದು ಹಗಲಿರುಳು ಬಾಗಿಲು ಬಡಿಯುತ್ತಿರುತ್ತದೆ, ಅದಕ್ಕೆ ದಣಿವೆಂಬುದಿಲ್ಲ.

ಮಿತಿಯನ್ನು ಇನ್ನಷ್ಟು ಏರಿಸಿದರೆ? ಸದ್ದೇನೋ ಅಡಗುವುದು, ಆದರೆ ಕಳ್ಳನಿಗೂ ಅನುಕೂಲವಾಗುವುದು. ಇಂದಿನ ಕಳ್ಳನು ಒಂದು ಬಾಗಿಲಿಗೆ ನೂರು ಬೀಗದಕೈಗಳನ್ನು ಹಾಕಿ ನೋಡುವುದಿಲ್ಲ. ಬಹು ಜನ ಇಟ್ಟುಕೊಳ್ಳತಕ್ಕ ಸಾಮಾನ್ಯವಾದ ಒಂದು ಬೀಗದಕೈಯನ್ನು ಹಿಡಿದು ಮುನ್ನೂರು ಬಾಗಿಲುಗಳನ್ನು ಒಂದೊಂದು ಸಲ ಮುಟ್ಟಿ ಹೋಗುತ್ತಾನೆ. ಯಾವ ಹೆಸರಿಗೂ ಎರಡನೆಯ ಸೋಲಿಲ್ಲ. ಮೂರಕ್ಕೆ ಕೂಗುವ ಗಂಟೆ ಮೌನವಾಗಿಯೇ ಇರುತ್ತದೆ.

ಭೌತವಿಜ್ಞಾನಿಗೆ ಈ ಕಷ್ಟ ಹೊಸದಲ್ಲ. ಗೈಗರ್ ಎಣಿಕೆಯ ನಳಿಗೆಯು, ಎದುರಿಗೆ ವಿಕಿರಣದ ವಸ್ತು ಏನೂ ಇಲ್ಲದಿದ್ದರೂ, ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಜರ್ಮನಿಯ ಬೋಥೆ ಮತ್ತು ಗೈಗರ್ 1924ರ ಸುಮಾರಿನಲ್ಲಿ ಎರಡು ನಳಿಗೆಗಳನ್ನು ಇಟ್ಟು, ಎರಡೂ ಒಟ್ಟಿಗೆ ನುಡಿದಾಗ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನವನ್ನು ಕಂಡುಹಿಡಿದರು. 1954ರಲ್ಲಿ ಬೋಥೆಗೆ ನೊಬೆಲ್ ಪಾರಿತೋಷಕ ಬಂದುದು ಇದಕ್ಕಾಗಿಯೇ. ನಳಿಗೆಯೊಂದು ಸೆಕೆಂಡಿಗೆ 10 ಸಲ ಸುಳ್ಳಾಗಿ ನುಡಿಯುವುದೆನ್ನೋಣ. ಎರಡರ ನುಡಿಗಳೂ ಒಂದು ಸೆಕೆಂಡಿನ ಹತ್ತುಲಕ್ಷದ ಒಂದು ಭಾಗದೊಳಗೆ ಕೂಡಿ ಬರಬೇಕೆಂದರೆ, ಆಕಸ್ಮಿಕವಾಗಿ ಹಾಗೆ ಆಗುವುದು ಸುಮಾರು 5000 ಸೆಕೆಂಡುಗಳಿಗೆ ಒಂದು ಸಲ. ಎರಡನ್ನೂ ತೂರಿಹೋಗುವ ಕಣವಾದರೋ ಎರಡನ್ನೂ ನುಡಿಸಿಯೇ ನುಡಿಸುತ್ತದೆ.

ಇದರ ಅತ್ಯುತ್ತಮ ಉದಾಹರಣೆ ನಮ್ಮ ನಾಡಿನದೇ. 1965ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ನೆಲದಿಂದ ಸುಮಾರು 2300 ಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳೂ ಸೇರಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಈ ಕಾರ್ಯ ಸಾಧಿಸಿತು. ಹಟ್ಟಿಯ ಚಿನ್ನದ ಗಣಿ ಇರುವ ಜಿಲ್ಲೆಯವನಾದ ನನಗೆ ಈ ಕಥೆಯ ಮೇಲೆ ಕೊಂಚ ಅಸೂಯೆಯೂ ಉಂಟು! ಅವರು ಮಾಡಿದುದನ್ನು ಗಮನಿಸಿ. ಮೇಲಿನಿಂದ ಸುರಿಯುವ ಮ್ಯುವಾನ್ ಕಣಗಳ ಗದ್ದಲವನ್ನು ತಡೆಯಲು ಆಳಕ್ಕೆ ಇಳಿದರು. ಎದುರುಬದುರಾಗಿ ಎರಡು ಗೋಡೆಗಳಂತೆ ಶೋಧಕಗಳನ್ನು ನಿಲ್ಲಿಸಿ, ಎರಡೂ ಒಟ್ಟಿಗೆ ನುಡಿದರೆ ಮಾತ್ರ ನಂಬಿದರು. ಉಳಿದ ಮ್ಯುವಾನ್‌ಗಳು ಬಹುಮಟ್ಟಿಗೆ ನೆತ್ತಿಯ ಮೇಲಿನಿಂದ ಬರುವುವಾದ್ದರಿಂದ, ಗದ್ದಲ ಬಾರದ ಅಡ್ಡದಿಕ್ಕಿಗೆ ಶೋಧಕಗಳ ಮುಖವನ್ನು ತಿರುಗಿಸಿದರು.

ಈ ಮೂರು ಉಪಾಯಗಳನ್ನೂ ಲಾಗಿನ್ ಕಾವಲಿಗೆ ತರಬಹುದು. ಆಳಕ್ಕೆ ಇಳಿಯುವುದೆಂದರೆ ಸದ್ದನ್ನು ಅದರ ಮೂಲದಲ್ಲಿಯೇ ಕಡಿಮೆಮಾಡುವುದು. ನಾವು ಒಂದು ವಾರದ ಸೋಲುಗಳನ್ನು ಹೆಸರು, ಯಂತ್ರ, ಗಳಿಗೆಗಳ ಪ್ರಕಾರ ವಿಂಗಡಿಸಿದಾಗ, ಮುಕ್ಕಾಲು ಪಾಲು ಒಂಬತ್ತು ಮೊಬೈಲುಗಳಿಂದಲೂ, ಮಾನ್ವಿಯಲ್ಲಿ ರಾತ್ರಿ ಪ್ರತಿ ತೆಗೆಯುವ ಒಂದು ಮರೆತುಹೋದ ಕಾರ್ಯಕ್ರಮದಿಂದಲೂ ಬಂದುವೆಂದು ತಿಳಿಯಿತು. ಅವುಗಳೊಳಗಿನ ಪದವನ್ನು ಸರಿಪಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಮೈಕ್ರೋಸಾಫ್ಟಿನ ಆ್ಯಕ್ಟಿವ್ ಡೈರೆಕ್ಟರಿಯು ಇದನ್ನು ಮೊದಲೇ ಊಹಿಸಿದೆ: ಕೊಟ್ಟ ತಪ್ಪು ಪದವು ಅದೇ ವ್ಯಕ್ತಿಯ ಹಿಂದಿನ ಎರಡು ಪಾಸ್‌ವರ್ಡ್‌ಗಳಲ್ಲಿ ಒಂದಾಗಿದ್ದರೆ, ಬಾಗಿಲು ತೆರೆಯದಿದ್ದರೂ, ಬೀಗ ಜಡಿಯುವ ಲೆಕ್ಕಕ್ಕೆ ಅದನ್ನು ಸೇರಿಸುವುದಿಲ್ಲ. ಕಳ್ಳನಿಗೆ ಹಳೆಯ ಪದ ತಿಳಿದಿರುವುದಕ್ಕಿಂತ ಒಡೆಯನು ಹೊಸದನ್ನು ಮರೆತಿರುವುದೇ ಹೆಚ್ಚು ಸಂಭವ. ಇನ್ನು ತಿಂಗಳಿಗೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಿಸಲೇಬೇಕೆಂಬ ಕಟ್ಟಳೆ. ಕಾರಣವಿಲ್ಲದೆ ಹಾಗೆ ಬಲವಂತಪಡಿಸಕೂಡದೆಂದು ಅಮೆರಿಕದ ರಾಷ್ಟ್ರೀಯ ಪ್ರಮಾಣ ಮತ್ತು ತಂತ್ರಜ್ಞಾನ ಸಂಸ್ಥೆಯು 2017ರಲ್ಲಿಯೇ ಹೇಳಿತು. ಆ ಕಟ್ಟಳೆಯಿಂದ ಸದ್ದು ಹೆಚ್ಚುವುದೂ ಜನ ಪದವನ್ನು ಗೋಡೆಯ ಮೇಲೆ ಬರೆದಿಡುವುದೂ ಬಿಟ್ಟರೆ ಬೇರೆ ಫಲವನ್ನು ನಾನಂತೂ ಕಂಡಿಲ್ಲ.

ಎರಡು ಗೋಡೆಗಳ ಉಪಾಯದಲ್ಲಿ ಹೆಚ್ಚು ವಿವೇಚನೆ ಬೇಕು. ಒಂದೇ ಕಾರಣದಿಂದ ನುಡಿಯುವ ಎರಡು ಗಂಟೆಗಳನ್ನು ಕೂಡಿಸಿದರೆ ಲಾಭವಿಲ್ಲವೆಂಬುದನ್ನು ಕ್ಯಾಪ್ಸ್ ಲಾಕಿನ ಕಥೆಯಲ್ಲಿ ಕಂಡೆವು. ಬೇರೆ ಬೇರೆ ಕಾರಣದ ಲಕ್ಷಣಗಳನ್ನು ಕೂಡಿಸಬೇಕು. ಸತತ ಸೋಲು ಒಂದು ಲಕ್ಷಣ; ಎಂದೂ ಬಾರದ ಸ್ಥಳದಿಂದ ಬರುವುದು ಇನ್ನೊಂದು; ಸೋಲುಗಳ ಬೆನ್ನಿಗೇ ಒಂದು ಗೆಲುವು ಮತ್ತೊಂದು. ಇವು ಒಟ್ಟಿಗೆ ಬಂದರೆ ಮಲಗಿದವರೂ ಏಳಬೇಕು.

ಮುನ್ನೂರು ಬಾಗಿಲು ಮುಟ್ಟುವ ಕಳ್ಳನ ಮಾತು ಬೇರೆ. ಅವನನ್ನು ಹಿಡಿಯಲು, ಒಂದೇ ವಿಳಾಸದಿಂದ ಬಹು ಹೆಸರುಗಳು ಸೋತರೆ ಕೂಗು ಎಂದು ಬರೆದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಮಾನ್ವಿಯಿಂದ ಗಂಟೆಯೋ ಗಂಟೆ! ಅಲ್ಲಿನ ಪ್ರಯೋಗಶಾಲೆಯ ಯಂತ್ರಗಳೆಲ್ಲ ಹೊರಗಿನವರಿಗೆ ಒಂದೇ ವಿಳಾಸವಾಗಿ ಕಾಣುತ್ತವೆ. ತರಗತಿ ಸೇರುವಾಗ ಹತ್ತಾರು ಮಕ್ಕಳು ತಪ್ಪುವುದು ಸಹಜ. ಸೋಲುಗಳನ್ನಷ್ಟೇ ಎಣಿಸದೆ, ಸೋಲಿಗೂ ಗೆಲುವಿಗೂ ಇರುವ ಪ್ರಮಾಣವನ್ನು ನೋಡಿದಾಗ ಗಂಟು ಬಿಚ್ಚಿತು. ತರಗತಿಯಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಗೆಲುವು. ಕಳ್ಳನಿಗೆ ಮುನ್ನೂರಕ್ಕೆ ಒಂದೋ ಎರಡೋ, ಅಥವಾ ಒಂದೂ ಇಲ್ಲ.

ಅಡ್ಡದಿಕ್ಕಿಗೆ ಮುಖ ಮಾಡುವುದು ಎಲ್ಲಕ್ಕಿಂತ ಅಗ್ಗ. ಯಾರೂ ಬಳಸದ, ಯಾರ ಹೆಸರಿಗೂ ಹೋಲದ ಒಂದೆರಡು ಹುಸಿ ಹೆಸರುಗಳನ್ನು ಪಟ್ಟಿಯಲ್ಲಿ ಇಟ್ಟುಬಿಡುವುದು. ಅವುಗಳ ಬಾಗಿಲನ್ನು ಕೈತಪ್ಪಿ ಬಡಿಯುವವರು ಯಾರೂ ಇರರು. ಆದುದರಿಂದ ಒಂದೇ ಸಲ ಸದ್ದಾದರೂ ಅದಕ್ಕೆ ಅರ್ಥವುಂಟು. ನಿವೃತ್ತರ ಹೆಸರುಗಳನ್ನು ಮಾತ್ರ ನಾವು ಮುಚ್ಚಿಬಿಟ್ಟೆವು. ಅದು ಮೊದಲೇ ಆಗಬೇಕಾದ ಕೆಲಸವಾಗಿತ್ತು.

ಒಂದು ಭೇದವನ್ನು ಮರೆಯಲಾಗದು. ಗಂಟೆಯನ್ನು ಅಡಗಿಸಬಹುದು, ದಿನಚರಿಯನ್ನು ಅಳಿಸಕೂಡದು. ಇಂಥ ದಾಖಲೆಗಳನ್ನು 180 ದಿನ ಕಾಪಾಡಬೇಕೆಂದು ಭಾರತದ ಸೈಬರ್ ತುರ್ತು ಸಂಸ್ಥೆಯಾದ ‘ಸರ್ಟ್-ಇನ್’ 2022ರ ಏಪ್ರಿಲ್‌ನಲ್ಲಿ ಆಜ್ಞೆ ಮಾಡಿದೆ. ಹನ್ನೊಂದು ದಿನಗಳ ಮೇಲೆ ನನಗೆ ಆ ಆರನೆಯ ಪ್ರಯತ್ನ ಸಿಕ್ಕಿದುದೂ ದಿನಚರಿ ಉಳಿದಿದ್ದುದರಿಂದಲೇ. ವಿನಾಯಿತಿ ಕೊಡುವಾಗಲೂ “ಮಾನ್ವಿಯ ಸೋಲುಗಳನ್ನು ಬಿಟ್ಟುಬಿಡು” ಎಂದು ಬರೆಯದೆ, ಇಂಥ ಯಂತ್ರ, ಇಂಥ ಹೆಸರು, ಇಂಥ ವೇಳೆ, ಇಂಥ ತಾರೀಖಿನವರೆಗೆ ಎಂದು ಬರೆಯುತ್ತೇವೆ. ತಾರೀಖು ಮುಗಿದೊಡನೆ ಅದು ತಾನಾಗಿ ಸಾಯುತ್ತದೆ.

ಈಗ ವಾರಕ್ಕೆ ಎರಡೋ ಮೂರೋ ಸಂದೇಶಗಳು ಬರುತ್ತವೆ. ಕಳೆದ ತಿಂಗಳು ಒಂದು ಸಂಜೆ ದೇವದುರ್ಗದಿಂದ ಬಂದಿತು: ಆರು ಸೋಲು, ಹೊಸ ಯಂತ್ರ, ಬಳಿಕ ಗೆಲುವು. ಊಟವನ್ನು ಅರ್ಧಕ್ಕೆ ಬಿಟ್ಟು ಫೋನು ಮಾಡಿದೆ. ಹೆರಿಗೆಯ ರಜೆ ಮುಗಿಸಿ ಬಂದಿದ್ದ ನಮ್ಮ ಗ್ರಂಥಪಾಲಕಿ ಎತ್ತಿಕೊಂಡು, “ನಾನೇ ಸರ್, ಪಾಸ್‌ವರ್ಡ್ ಮರೆತಿತ್ತು” ಎಂದರು. ಹಿನ್ನೆಲೆಯಲ್ಲಿ ಮಗು ಅಳುತ್ತಿತ್ತು. ತಟ್ಟೆಯ ಮುಂದಕ್ಕೆ ಮರಳಿದಾಗ ಸಾರು ಇನ್ನೂ ಬಿಸಿಯಾಗಿಯೇ ಇತ್ತು.