ಮಾನಹಾನಿಯೆಂದರೇನು?

ಒಬ್ಬರ ಹೆಸರಿಗೆ ಕುಂದು ತರುವ ಮಾತನ್ನಾಡುವದು ಕೇವಲ ದುರ್ನಡತೆಯೆಂದೂ, ಅದಕ್ಕೆ ಹಿರಿಯರ ಗದರಿಕೆಯೇ ಸಾಕೆಂದೂ ನಿಮ್ಮಲ್ಲಿ ಅನೇಕರು ಎಣಿಸಿರಬಹುದು. ಆದರೆ ನಮ್ಮ ದೇಶದಲ್ಲಿ ಅದು ದಂಡನೀಯವಾದ ಅಪರಾಧವೂ ಆಗಿದೆ. 1860ನೆಯ ಇಸವಿಯ ದಂಡಸಂಹಿತೆಯಲ್ಲಿ 499ನೆಯ ಕಲಮಾಗಿದ್ದ ಈ ಕಾಯಿದೆಯು 2024ನೆಯ ಇಸವಿಯ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿ ನಡೆಯುತ್ತಿದೆ. ಎರಡು ವರ್ಷಗಳ ವರೆಗೆ ಸಾದಾ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಇವೆರಡೂ, ಇಲ್ಲವೆ ಸಮಾಜಸೇವೆ ಎಂದು ಶಿಕ್ಷೆಯನ್ನು ವಿಧಿಸಿದೆ. ಸಮಾಜಸೇವೆಯು ಹೊಸದು, ಉಳಿದುದು ಬಹುಮಟ್ಟಿಗೆ ಹಳೆಯದೇ.

ಮಾತಿನಿಂದಾಗಲಿ ಬರಹದಿಂದಾಗಲಿ ಸನ್ನೆ ಚಿತ್ರಗಳಿಂದಾಗಲಿ, ಒಬ್ಬರ ಹೆಸರು ಕೆಡಲೆಂದೋ ಕೆಡುವದೆಂದು ತಿಳಿದೋ ಇತರರ ಮುಂದೆ ಅವರ ಮೇಲೆ ದೋಷವನ್ನು ಹೊರಿಸುವದೇ ಮಾನಹಾನಿ. ಇದಕ್ಕೆ ಕಾಯಿದೆಯಲ್ಲಿಯೇ ಚೆನ್ನಾದ ಉದಾಹರಣೆಗಳಿವೆ. ಗಡಿಯಾರವೊಂದು ಕಳುವಾಯಿತೆನ್ನಿರಿ. ಯಾರು ಕದ್ದರೆಂದು ಕೇಳಿದಾಗ ಒಬ್ಬಳು ಬಾಯಿಬಿಡದೆ ಇನ್ನೊಬ್ಬಳ ಕಡೆಗೆ ಬೆರಳು ತೋರಿಸಬಹುದು; ಅವಳು ಗಡಿಯಾರವನ್ನೆತ್ತಿಕೊಂಡು ಓಡುವಂತೆ ಚಿತ್ರ ಬರೆಯಬಹುದು; ಅಥವಾ ಅವಳಂಥ ಸತ್ಯವಂತೆಯು ಕದ್ದಾಳೆಯೇ ಎಂದು ಹೊಗಳುವಂತೆ ನಟಿಸಿ, ಅವಳೇ ಕಳ್ಳಿಯೆಂದು ಕೇಳಿದವರು ನಂಬುವಂತೆ ಮಾಡಬಹುದು. ಮೂರೂ ಮಾನಹಾನಿಯೇ. ಈ ಮೂರನೆಯ ಬಗೆಯಲ್ಲಿ ನಮ್ಮವರು ಎಷ್ಟು ನಿಪುಣರೆಂಬದನ್ನು ನಾನು ಹೇಳಬೇಕಾದದ್ದಿಲ್ಲ.

ನಿಜವನ್ನೇ ಹೇಳಿದರೆ ತಪ್ಪೇನೆಂದು ಕೇಳುವಿರಿ. ಈ ಕಲಮಿನಂತೆ ನಿಜವೊಂದೇ ಸಾಲದು. ಅದನ್ನು ಪ್ರಕಟಿಸುವದು ಸಾರ್ವಜನಿಕ ಹಿತಕ್ಕೆ ಅವಶ್ಯವೂ ಆಗಿರಬೇಕು. ಗೆಳತಿಯ ತಂದೆಯು ಸಾಲಗಾರನೆಂಬದು ನಿಜವಾದರೂ ಅದನ್ನು ಹತ್ತು ಮಂದಿಗೆ ಬರೆದು ಕಳುಹಿಸುವದರಿಂದ ಯಾರಿಗೆ ಹಿತ? "ಜನರು ಹೀಗನ್ನುತ್ತಾರೆ" ಎಂದು ಮೊದಲು ಸೇರಿಸಿಕೊಂಡ ಮಾತ್ರಕ್ಕೆ ಬಿಡುಗಡೆಯಿಲ್ಲ.

ಅಭಿಪ್ರಾಯಕ್ಕೆ ಅವಕಾಶವುಂಟು. ಪ್ರಕಟವಾದ ಪುಸ್ತಕವನ್ನೋದಿ, ಇದು ಅವಿವೇಕದ ಬರಹ, ಬರೆದವನ ಬುದ್ಧಿಯೂ ಮಂದವಿರಬೇಕೆಂದು ಸದ್ಭಾವದಿಂದ ಹೇಳಿದರೆ ದೋಷವಲ್ಲ. ಆ ತೀರ್ಪು ಪುಸ್ತಕದಿಂದಲೇ ಹುಟ್ಟಿದ್ದು. ಬರೆದವನು ದುರಾಚಾರಿ, ಆದಕಾರಣ ಪುಸ್ತಕವೂ ಹಾಗಿದೆಯೆಂದರೆ ಆ ಆಶ್ರಯವು ತಪ್ಪುವದು.

ಇಷ್ಟನ್ನೋದಿ, ಅನ್ಯಾಯಕ್ಕೊಳಗಾದ ಹುಡುಗಿಯು ಬಾಯಿ ಮುಚ್ಚಿಕೊಂಡಿರತಕ್ಕದ್ದೆಂದು ಯಾರೂ ತಿಳಿಯಬಾರದು. ಹಾಗೆ ಹೆದರಿಸುವವರೂ ಇರುತ್ತಾರೆ. ಅದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಈ ಕಾಯಿದೆಗೆ ಹತ್ತು ಅಪವಾದಗಳಿವೆ. (ಅಪವಾದವೆಂಬ ಶಬ್ದಕ್ಕೆ ನಮ್ಮಲ್ಲಿ ನಿಂದೆಯೆಂದೂ ವಿನಾಯಿತಿಯೆಂದೂ ಎರಡರ್ಥಗಳಿರುವದು ವಿನೋದವೇ ಸರಿ.) ಎಂಟನೆಯದರಂತೆ, ಒಬ್ಬರ ಮೇಲಿನ ದೂರನ್ನು ಅವರನ್ನು ವಿಚಾರಿಸುವ ಅಧಿಕಾರವುಳ್ಳವರ ಮುಂದೆ ಸದ್ಭಾವದಿಂದ ಹೇಳಿದರೆ ಅದು ಮಾನಹಾನಿಯಲ್ಲ. ಸೇವಕನ ನಡತೆಯನ್ನು ಯಜಮಾನನಿಗೆ, ಮಗುವಿನ ನಡತೆಯನ್ನು ತಂದೆಗೆ ತಿಳಿಸುವದೂ ಹೀಗೆಯೇ. ಸದ್ಭಾವವೆಂದರೆ ಒಳ್ಳೆಯ ಮನಸ್ಸು ಮಾತ್ರವಲ್ಲ, ತಕ್ಕ ಎಚ್ಚರಿಕೆಯೂ ಬೇಕು. ಲೈಂಗಿಕ ಕಿರುಕುಳವನ್ನು ಬಯಲಿಗಿಟ್ಟುದಕ್ಕಾಗಿ ಮಾನಹಾನಿಯ ಮೊಕದ್ದಮೆಯನ್ನೆದುರಿಸಿದ ಪತ್ರಕರ್ತೆ ಪ್ರಿಯಾ ರಮಾನಿಯವರನ್ನು 2021ನೆಯ ಇಸವಿಯಲ್ಲಿ ದಿಲ್ಲಿಯ ನ್ಯಾಯಾಲಯವು ನಿರ್ದೋಷಿಯೆಂದು ಬಿಟ್ಟಿತು. ಅನೇಕ ವರ್ಷಗಳ ಮೇಲೆಯೂ ಹೆಂಗಸು ತನ್ನ ದುಃಖವನ್ನು ಹೇಳಿಕೊಳ್ಳಬಹುದೆಂದು ಅದು ಒಪ್ಪಿತು.

ಆದಕಾರಣ ದೂರಿರುವವಳು ಗೆಳತಿಯರೊಳಗೆ ಚೀಟಿ ಹರಡದೆ, ತಾನು ಕಂಡದ್ದನ್ನೂ ಕೇಳಿದ್ದನ್ನೂ ತಾರೀಖು ಸಹಿತ ಬರೆದು, ತಾಯಿತಂದೆಗಳ ಕೈಗಾಗಲಿ ಮುಖ್ಯೋಪಾಧ್ಯಾಯಿನಿಯ ಕೈಗಾಗಲಿ ಕೊಡಲಿ. ಅದರ ಪ್ರತಿಯೊಂದನ್ನು ತನ್ನ ಬಳಿಯಲ್ಲಿಯೂ ಇಟ್ಟುಕೊಳ್ಳಲಿ.