ಆಸ್ಪತ್ರೆಯಲ್ಲಿ ಬರೀ ಮಲಗೇ ಇದ್ರೆ ರಕ್ತ ಹೆಪ್ಪುಗಟ್ಟಬಹುದು: ಯಾರಿಗೆ ಅಪಾಯ ಹೆಚ್ಚು? ಲೆಕ್ಕ ಹೀಗಿದೆ

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಆಸ್ಪತ್ರೆ ವಾರ್ಡಿಗೆ ಹೋದ್ರೂ ಒಂದು ಮಾತು ಕೇಳಿಸುತ್ತೆ: "ಏಳಬ್ಯಾಡ, ಸುಮ್ಮ ಮಲ್ಕೋ." ಕಾಳಜಿಯ ಮಾತೇ. ಆದ್ರೆ ದಿನಗಟ್ಟಲೆ ಅಲುಗಾಡದೆ ಮಲಗಿದರೆ ಕಾಲಿನ ಒಳನರಗಳಲ್ಲಿ ರಕ್ತದ ಓಟ ನಿಧಾನವಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಆಪರೇಷನ್ ಆದವರಿಗಷ್ಟೇ ಅಲ್ಲ, ನ್ಯುಮೋನಿಯಾ, ಹಾರ್ಟ್ ತೊಂದರೆ, ಲಕ್ವಾ ಅಂತ ಅಡ್ಮಿಟ್ ಆದವರಿಗೂ ಹೀಗಾಗುತ್ತೆ.

ಯಾರಿಗೆ ಅಪಾಯ ಹೆಚ್ಚು ಅಂತ ಮೊದಲೇ ಅಂದಾಜು ಮಾಡೋಕೆ ಡಾಕ್ಟರುಗಳು ಬಳಸುವ ಒಂದು ಲೆಕ್ಕ 'ಪಡುವಾ ಸ್ಕೋರ್'. ಇಟಲಿಯ ಪಡುವಾ ನಗರದ ವೈದ್ಯರು 2010ರಲ್ಲಿ ಪ್ರಕಟಿಸಿದ್ದು.

ಅಂಕ ಹೀಗಿದೆ:

* ತಲಾ 3 ಅಂಕ: ಕ್ಯಾನ್ಸರ್, ಹಿಂದೊಮ್ಮೆ ನರದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ರಕ್ತ ಬೇಗ ಹೆಪ್ಪುಗಟ್ಟುವ ಹುಟ್ಟುಗುಣದಂಥ ದೋಷ, ಕನಿಷ್ಠ 3 ದಿನ ಹಾಸಿಗೆ ಹಿಡಿಯುವ ಸ್ಥಿತಿ
* 2 ಅಂಕ: ಒಂದು ತಿಂಗಳೊಳಗೆ ಆಪರೇಷನ್ ಅಥವಾ ದೊಡ್ಡ ಪೆಟ್ಟು
* ತಲಾ 1 ಅಂಕ: 70 ವರ್ಷ ಮೇಲ್ಪಟ್ಟ ವಯಸ್ಸು, ಹೃದಯ ಅಥವಾ ಶ್ವಾಸಕೋಶದ ವೈಫಲ್ಯ, ಹೃದಯಾಘಾತ ಅಥವಾ ಲಕ್ವಾ, ಸೋಂಕು ಅಥವಾ ಸಂಧಿವಾತ, ಬೊಜ್ಜು, ಹಾರ್ಮೋನ್ ಮಾತ್ರೆ

4 ಅಥವಾ ಹೆಚ್ಚು ಬಂದ್ರೆ ಅಪಾಯ ಹೆಚ್ಚು. ಉದಾಹರಣೆಗೆ, 72ರ ಅಜ್ಜ ನ್ಯುಮೋನಿಯಾ ಆಗಿ ಮೂರು ದಿನ ಹಾಸಿಗೆ ಹಿಡಿದರೆ 3+1+1, ಒಟ್ಟು 5. ಅದೇ ಜ್ವರಕ್ಕೆ ಅಡ್ಮಿಟ್ ಆಗಿ ಹೊರಗಿನ ಚಹಾದಂಗಡಿ ತನಕ ಓಡಾಡೋ 40ರ ವ್ಯಾಪಾರಿಗೆ ಬರೀ 1.

ಪಡುವಾದಲ್ಲಿ 1,180 ರೋಗಿಗಳನ್ನು 90 ದಿನದವರೆಗೆ ಗಮನಿಸಿದ್ದರು. ಅಪಾಯ ಹೆಚ್ಚಿದ್ದೂ ತಡೆ ಚಿಕಿತ್ಸೆ ಸಿಗದವರಲ್ಲಿ 100ಕ್ಕೆ 11 ಮಂದಿಗೆ ರಕ್ತ ಹೆಪ್ಪುಗಟ್ಟಿತ್ತು. ಚಿಕಿತ್ಸೆ ಸಿಕ್ಕವರಲ್ಲಿ 100ಕ್ಕೆ ಸುಮಾರು 2. ಅಪಾಯ ಕಡಿಮೆ ಇದ್ದವರಲ್ಲಿ 1,000ಕ್ಕೆ 3 ಮಾತ್ರ.

ಚಿಕಿತ್ಸೆ ಅಂದ್ರೆ ಸಾಮಾನ್ಯವಾಗಿ ಹೊಟ್ಟೆಯ ಚರ್ಮಕ್ಕೆ ಕೊಡೋ ಹೆಪಾರಿನ್ ಜಾತಿಯ ಇಂಜೆಕ್ಷನ್. ಇದು ಎಲ್ಲರಿಗೂ ಅಲ್ಲ. ಹೊಟ್ಟೆ ಹುಣ್ಣಿನಿಂದ ರಕ್ತ ಹೋಗ್ತಿದ್ರೆ, ಡೆಂಗಿಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿದ್ರೆ ಇಂಜೆಕ್ಷನ್ನೇ ಅಪಾಯ. ಅದಕ್ಕೇ ತೀರ್ಮಾನ ಡಾಕ್ಟರದ್ದು.

ಮನೆಯವರ ಕೆಲಸವೂ ಇದೆ. ಹಳೇ ಆಪರೇಷನ್, ಕ್ಯಾನ್ಸರ್ ಚಿಕಿತ್ಸೆ, ನುಂಗುತ್ತಿರೋ ಮಾತ್ರೆ, ಹಿಂದೆ ಕಾಲು ಬಾತಿದ್ದು, ಎಲ್ಲಾ ಅಡ್ಮಿಟ್ ಆದ ದಿನವೇ ಹೇಳಿ. "ರಕ್ತ ಹೆಪ್ಪುಗಟ್ಟೋ ಅಪಾಯ ನೋಡೀರೇನ್ರಿ ಸರ್?" ಅಂತ ಕೇಳಿ. ಡಾಕ್ಟರ್ ಒಪ್ಪಿದರೆ ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿ.

ಡಿಸ್ಚಾರ್ಜ್ ಆದ ಮೇಲೂ ಕೆಲವು ವಾರ ಎಚ್ಚರ ಬೇಕು. ಒಂದೇ ಕಾಲು ಬಾತು ನೋವಾದ್ರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಕರೆ ಮಾಡಿ.