ನಾಲ್ಕು ವಾರ ತಪ್ಪದಂತೆ ಕಾಯುವವರು

ಹುಬ್ಬಳ್ಳಿ–ಧಾರವಾಡದ ನಡುವಿನ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ಡಾ. ಆರ್.ಬಿ. ಪಾಟೀಲ ಅವರು ಕಟ್ಟಿದ ಈ ಸಂಸ್ಥೆ ಸುತ್ತಲಿನ ಹಳ್ಳಿಗಳವರ ಬಾಯಲ್ಲಿ ಬರೀ ‘ಕ್ಯಾನ್ಸರ್ ದವಾಖಾನಿ’. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಜನಕ್ಕೆ ಕ್ಯಾನ್ಸರ್ ಎಂದರೆ ಎಲೆ-ಅಡಿಕೆ, ತಂಬಾಕು ಹಾಕುವ ಅಜ್ಜನ ಬಾಯಿಹುಣ್ಣು, ಇಲ್ಲವೇ ದೊಡ್ಡವ್ವನ ಎದೆಯ ಗಡ್ಡೆ. ಆರು ವರ್ಷದ ಹುಡುಗನಿಗೂ ಅದೇ ರೋಗ ಎಂದರೆ ಮೊದಲು ಬರುವ ಮಾತು: “ಸಣ್ಣ ಕೂಸಿಗೆ ಎಂಥಾ ಕ್ಯಾನ್ಸರ್ರೀ? ಅದೇನು ತಂಬಾಕು ತಿಂದೈತೇನು?”

ತಿಂದಿಲ್ಲ. ಮಕ್ಕಳ ಕ್ಯಾನ್ಸರ್‌ಗೆ ತಂಬಾಕಾಗಲಿ, ತಾಯಿ ಬಸುರಿದ್ದಾಗ ಉಂಡ ಊಟವಾಗಲಿ, ಯಾರದೋ ಕಣ್ಣುದೃಷ್ಟಿಯಾಗಲಿ ಕಾರಣವಲ್ಲ. ಬಹುತೇಕ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ವೈದ್ಯರಿಗೂ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು, ಹದಿಹರೆಯದವರು ಈ ರೋಗಕ್ಕೆ ತುತ್ತಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಮೂವತ್ತು ಮಂದಿಯೂ ಉಳಿಯುವುದಿಲ್ಲ. ಔಷಧ ಎರಡೂ ಕಡೆ ಹೆಚ್ಚುಕಡಿಮೆ ಅವೇ. ಹಾಗಾದರೆ ಇಷ್ಟು ಅಂತರ ಎಲ್ಲಿಂದ ಬಂತು?

ರೋಗ ತಡವಾಗಿ ಪತ್ತೆಯಾಗುವುದು ಒಂದು ಕಾರಣ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳುವುದು ಇನ್ನೊಂದು. ಮಕ್ಕಳ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ಸಂಘಟನೆ ಇದಕ್ಕೊಂದು ಗೆರೆ ಎಳೆದಿದೆ: ಸತತ ನಾಲ್ಕು ವಾರ ಚಿಕಿತ್ಸೆ ತಪ್ಪಿದರೆ ಆ ಮಗುವಿನ ಚಿಕಿತ್ಸೆ ಕೈಬಿಟ್ಟಂತೆಯೇ ಲೆಕ್ಕ. ಈ ಲೇಖನ ಪರಿಚಯಿಸಹೊರಟಿರುವುದು ಆ ನಾಲ್ಕು ವಾರ ತಪ್ಪದಂತೆ ನೋಡಿಕೊಳ್ಳುವ ಜನರನ್ನು. ಅವರು ಬಿಳಿ ಕೋಟು ಹಾಕುವುದಿಲ್ಲ, ಸಂಬಳವನ್ನೂ ಪಡೆಯುವುದಿಲ್ಲ.

ಮಕ್ಕಳಲ್ಲಿ ಹೆಚ್ಚು ಕಾಣುವುದು ರಕ್ತದ ಕ್ಯಾನ್ಸರ್. ಅದರ ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ ನಡೆಯುತ್ತದೆ. ಮೊದಲ ಕೆಲವು ತಿಂಗಳು ಆಸ್ಪತ್ರೆಯೇ ಮನೆ: ರಕ್ತನಾಳಕ್ಕೆ ಇಂಜೆಕ್ಷನ್, ಬೆನ್ನುಹುರಿಯ ನೀರಿಗೆ ಔಷಧ, ಮೇಲಿಂದ ಮೇಲೆ ರಕ್ತಪರೀಕ್ಷೆ. ಆ ಇಂಜೆಕ್ಷನ್‌ಗಳಲ್ಲೊಂದಾದ ವಿನ್‌ಕ್ರಿಸ್ಟಿನ್ ನಮ್ಮ ಹಿತ್ತಲಲ್ಲಿ ಅರಳುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. (ಹಾಗೆಂದು ಎಲೆ ಅರೆದು ಕುಡಿಸಬೇಡಿ. ಆ ಗಿಡದ ರಸ ವಿಷ.) 1940ರ ದಶಕದ ಕೊನೆಯಲ್ಲಿ ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಮೊದಲ ಬಾರಿ ಪರಿಣಾಮಕಾರಿಯಾಗಿ ಕೊಟ್ಟ ಅಮಿನೋಪ್ಟೆರಿನ್ ಔಷಧದ ಹಿಂದೆ ಪಕ್ಕದ ಆಂಧ್ರದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಇದ್ದರು.

ಆಸ್ಪತ್ರೆಯ ಆ ತಿಂಗಳುಗಳನ್ನು ಹೇಗೋ ದಾಟಿದ ಮೇಲೆ ಸುಮಾರು ಒಂದೂವರೆ-ಎರಡು ವರ್ಷ ಮನೆಯಲ್ಲೇ ದಿನಾ ಗುಳಿಗೆ ನುಂಗಿಸಬೇಕು, ಹೇಳಿದ ದಿನ ತಪಾಸಣೆಗೆ ಹೋಗಬೇಕು. ನನ್ನ ದೃಷ್ಟಿಯಲ್ಲಿ ಅಪಾಯ ಇರುವುದು ಇಲ್ಲಿಯೇ. ಹುಡುಗನ ತಲೆಯಲ್ಲಿ ಕೂದಲು ಬಂದಿದೆ, ರೊಟ್ಟಿ ತಿನ್ನುತ್ತಾನೆ, ಗೋಲಿ ಆಡುತ್ತಾನೆ. “ಆರಾಮ ಆಗ್ಯಾನಲ್ಲ, ಇನ್ನ ಯಾಕ ಗುಳಿಗಿ?” ಎನ್ನುತ್ತಾರೆ ಮನೆಯ ಹಿರಿಯರು. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿಗೆ ಸರಿಯಾಗಿ ತಪಾಸಣೆಯ ದಿನ ಬರುತ್ತದೆ. ಈ ಸಲ ಬಿಟ್ಟು ಮುಂದಿನ ಸಲ ಹೋದರಾಯಿತು ಎಂದುಕೊಳ್ಳುತ್ತಾರೆ. ನಾಲ್ಕು ವಾರ ಕಳೆಯುವುದು ಹೀಗೆ. ರೋಗ ಮರುಕಳಿಸಿದರೆ ಎರಡನೆಯ ಸಲ ಅದನ್ನು ಗೆಲ್ಲುವುದು ಬಹಳ ಕಷ್ಟ.

ಇದನ್ನು ತಡೆಯಬಹುದೇ? ಬ್ರೆಜಿಲ್‌ನ ಬಡ ಈಶಾನ್ಯ ಭಾಗದಲ್ಲಿರುವ ರೆಸಿಫೆ ನಗರದ ಆಸ್ಪತ್ರೆಯ ಕತೆ ಕೇಳಿ. 1980ರ ದಶಕದಲ್ಲಿ ಅಲ್ಲಿ ರಕ್ತದ ಕ್ಯಾನ್ಸರ್ ಆದ ಮಕ್ಕಳಲ್ಲಿ ನೂರಕ್ಕೆ 16 ಮಂದಿ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. 2000ದ ಹೊತ್ತಿಗೆ ಅದು ಇನ್ನೂರಕ್ಕೆ ಒಬ್ಬರಿಗೆ ಇಳಿಯಿತು, ಐದು ವರ್ಷ ರೋಗ ಮರುಕಳಿಸದೆ ಉಳಿದವರ ಪ್ರಮಾಣ ನೂರಕ್ಕೆ 32ರಿಂದ 63ಕ್ಕೆ ಏರಿತು. ಚಿಕಿತ್ಸಾಕ್ರಮ ಸುಧಾರಿಸಿದ್ದು ನಿಜ, ಅಮೆರಿಕದ ಆಸ್ಪತ್ರೆಯೊಂದು ಕೈಜೋಡಿಸಿದ್ದೂ ನಿಜ. ಅದರ ಜೊತೆಗೇ ಊರವರ ನೆರವಿನ ಸಂಸ್ಥೆಯೊಂದು ಹಳ್ಳಿಗಳಿಂದ ಬಂದ ಕುಟುಂಬಗಳಿಗೆ ವಸತಿ, ಊಟ, ಓಡಾಟದ ಖರ್ಚು ನೋಡಿಕೊಂಡಿತು, ಬಾರದವರನ್ನು ಹುಡುಕಿ ಕರೆತಂದಿತು.

ಈ ಕೆಲಸದ ಮುಂಚೂಣಿಯಲ್ಲಿ ನಿಂತವರು ಹೆಚ್ಚಾಗಿ ನೊಂದವರೇ. ಮಕ್ಕಳ ಕ್ಯಾನ್ಸರ್ ಕಂಡ ಪಾಲಕರ ಸಂಘಟನೆಗಳು 1994ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಸೇರಿ ಒಕ್ಕೂಟ ಕಟ್ಟಿಕೊಂಡವು. 2002ರಿಂದ ಫೆಬ್ರುವರಿ 15ನ್ನು ಮಕ್ಕಳ ಕ್ಯಾನ್ಸರ್ ದಿನವಾಗಿ ಆಚರಿಸುತ್ತಿರುವುದು ಆ ಒಕ್ಕೂಟದ ಪ್ರಯತ್ನದಿಂದ. ನಮ್ಮಲ್ಲಿ, ತಾವೇ ಕ್ಯಾನ್ಸರ್ ಗೆದ್ದ ಪೂನಂ ಬಗಾಯಿ 2004ರಲ್ಲಿ ದಿಲ್ಲಿಯಲ್ಲಿ ‘ಕ್ಯಾನ್‌ಕಿಡ್ಸ್’ ಆರಂಭಿಸಿದರು. ಯೂನಿಲಿವರ್ ಬಳಗದ ಕಂಪನಿಗಳಲ್ಲಿ ದುಡಿದ ನಿಹಾಲ್ ಕವಿರತ್ನೆ ಮತ್ತು ಅವರ ಪತ್ನಿ ಶ್ಯಾಮಾ 2006ರಲ್ಲಿ ಮುಂಬೈಯಲ್ಲಿ, ಚಿಕಿತ್ಸೆಗೆ ಬಂದ ಮಕ್ಕಳು ಮನೆಯವರ ಜೊತೆ ಉಳಿಯುವ ‘ಸೇಂಟ್ ಜೂಡ್’ ಮನೆಗಳನ್ನು ತೆರೆದರು.

ಆ ಮನೆಗಳ ವ್ಯವಸ್ಥೆ ಹತ್ತಿರದಿಂದ ನೋಡುವಂಥದ್ದು. ಪ್ರತಿ ಕುಟುಂಬಕ್ಕೆ ಬೇರೆಯೇ ಜಾಗ, ಅಡುಗೆಮನೆ ಎಲ್ಲರದೂ. ಆದರೆ ಆ ಅಡುಗೆಮನೆಯಲ್ಲಿ ಪ್ರತಿ ತಾಯಿಗೂ ತನ್ನದೇ ಒಲೆ, ತನ್ನದೇ ಕಪಾಟು. ರೇಷನ್ ಸಂಸ್ಥೆಯದು, ಅಡುಗೆ ಅವಳದು. ಸಿದ್ಧ ಊಟದ ತಟ್ಟೆ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ವಾಂತಿಯಿಂದ ಬಸವಳಿದ ಮಗು ತನ್ನವ್ವ ಮಾಡಿದ ಸಾರನ್ನಷ್ಟೇ ನುಂಗೀತು. ಎಲ್ಲವನ್ನೂ ವೈದ್ಯರ ಕೈಗೆ ಒಪ್ಪಿಸಿ ಕುಳಿತ ತಾಯಿಗೂ ಒಂದು ಕೆಲಸವಾದರೂ ತನ್ನ ಕೈಯಲ್ಲಿ ಉಳಿಯುತ್ತದೆ.

ಊಟ, ವಸತಿ ನಮಗೆ ಹೊಸದಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹ ಕಂಡ ನಾಡು ಇದು. ಆದರೆ ಚಿಕಿತ್ಸೆಯಲ್ಲಿರುವ ಮಗುವಿನ ರಕ್ತದಲ್ಲಿ ಬಿಳಿ ಕಣಗಳು ಇಳಿದಿರುತ್ತವೆ, ಇನ್ನೊಬ್ಬರ ಸಾಮಾನ್ಯ ಕೆಮ್ಮೂ ಅದಕ್ಕೆ ಅಪಾಯ. ನೂರಾರು ಜನ ಮಲಗುವ ಸಭಾಂಗಣ ಎಷ್ಟೇ ಉಚಿತವಾದರೂ ಅದಕ್ಕೆ ತಕ್ಕ ಜಾಗವಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ದಾನಿಗಳು ಏನಾದರೂ ಕಟ್ಟಿಸುವ ಮನಸ್ಸು ಮಾಡಿದರೆ ಈ ಒಂದು ಮಾತು ನೆನಪಿಟ್ಟುಕೊಳ್ಳಲಿ. ದೊಡ್ಡ ಹಾಲ್‌ಗಿಂತ ಹತ್ತು ಸಣ್ಣ ಕೋಣೆ ಮೇಲು.

ಹುಬ್ಬಳ್ಳಿಯಲ್ಲಿ ಆಗದ ಚಿಕಿತ್ಸೆಗೆ ನಮ್ಮವರು ಹೋಗುವುದು ಬೆಂಗಳೂರಿನ ಕಿದ್ವಾಯಿಗೆ. 1973ರಲ್ಲಿ ಆರಂಭವಾದ ಸರ್ಕಾರಿ ಕ್ಯಾನ್ಸರ್ ಸಂಸ್ಥೆ ಅದು. ಇನ್ಫೋಸಿಸ್ ಪ್ರತಿಷ್ಠಾನ ಅಲ್ಲಿ ಧರ್ಮಶಾಲೆ ಕಟ್ಟಿಸಿದೆ. ಅಲ್ಲಿನ ಮಕ್ಕಳಿಗೆ ‘ಸಮೀಕ್ಷಾ ಫೌಂಡೇಶನ್’ನ ಸ್ವಯಂಸೇವಕರು ಪಾಠ ಹೇಳುತ್ತ ಬಂದಿದ್ದಾರೆ. ಕೈಗೆ ಸಲೈನ್ ಹಚ್ಚಿಸಿಕೊಂಡ ಹುಡುಗಿಗೆ ಕೂಡುವ ಲೆಕ್ಕ ಕಲಿಸುವುದರಿಂದ ಏನು ಬಂತು ಎಂದು ಕೇಳುವವರಿದ್ದಾರೆ. ಲೆಕ್ಕ ಕಲಿಸುವವರು ಆ ಮಗು ಮತ್ತೆ ಶಾಲೆಗೆ ಹೋಗುತ್ತದೆ ಎಂದು ನಂಬಿರುತ್ತಾರೆ, ಮಗುವಿಗೂ ಅದು ಗೊತ್ತಾಗುತ್ತದೆ. ಅಷ್ಟು ಸಾಕು.

ಇಷ್ಟೆಲ್ಲ ನಡೆಯುವುದು ನಗರದಲ್ಲಿ. ಚಿಕಿತ್ಸೆಯ ಉಳಿದರ್ಧ ನಡೆಯಬೇಕಾದದ್ದು ಊರಿನಲ್ಲಿ. ಇಲ್ಲಿ ಮುಂದೆ ನಿಲ್ಲುವವರು ಬೇಕು. ಅದಕ್ಕೆ ವೈದ್ಯಕೀಯ ಓದು ಬೇಡ, ನೋಂದಾಯಿತ ಸಂಸ್ಥೆಯೂ ಬೇಡ. ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಶಾಲೆ ಮಾಸ್ತರರು, ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ ಸಾಕು.

ಮೊದಲ ಕೆಲಸ ಕಾಗದಪತ್ರದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ, ಕ್ಯಾನ್ಸರ್ ಕೂಡ ಅದರಲ್ಲಿದೆ. ಆದರೆ ದವಾಖಾನೆಯ ಕೌಂಟರ್ ಮುಂದೆ ನಿಂತಾಗ ಗೊತ್ತಾಗುತ್ತದೆ, ರೇಷನ್ ಕಾರ್ಡಿನಲ್ಲಿ ಅಪ್ಪ, ಅವ್ವ, ಅಜ್ಜಿ ಎಲ್ಲರೂ ಇದ್ದಾರೆ, ಮಗು ಮಾತ್ರ ಇಲ್ಲ. ಹೆಸರು ಸೇರಿಸುವುದು ಮುಂದಕ್ಕೆ ಹೋಗುತ್ತಲೇ ಬಂದಿರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. ಮಗುವನ್ನು ಆಸ್ಪತ್ರೆಯಲ್ಲಿ ಬಿಟ್ಟು ಅಪ್ಪ ತಹಶೀಲ್ದಾರ್ ಕಚೇರಿಗೆ ಅಲೆಯುವ ಬದಲು ಊರಿನ ಇನ್ನೊಬ್ಬರು ಅಲೆದರೆ ಅದೇ ದೊಡ್ಡ ಸೇವೆ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ, ಆಸ್ಪತ್ರೆ ಸಹಿ ಮಾಡಿದ ನಮೂನೆ ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಇವೆಲ್ಲ ಗೊತ್ತಿಲ್ಲದೆ ಕೈಗಡ ಮಾಡಿ ಖರ್ಚು ಮಾಡಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಎರಡನೆಯದು ರಾತ್ರಿಯ ಜ್ವರ. ಕಿಮೋಥೆರಪಿಯಲ್ಲಿರುವ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಮುಂಜಾನೆವರೆಗೆ ಕಾಯುವಂತಿಲ್ಲ, ಗುಳಿಗೆ ಕೊಟ್ಟು ಮಲಗಿಸುವಂತಿಲ್ಲ, ತಾಸಿನೊಳಗೆ ಆಸ್ಪತ್ರೆ ಸೇರಬೇಕು. ಬೆಣ್ಣಿಹಳ್ಳ ತುಂಬಿ ಹರಿಯುವ ದಿನ ನವಲಗುಂದ ತಾಲ್ಲೂಕಿನ ಎಷ್ಟೋ ಊರುಗಳ ದಾರಿಯೇ ಬಂದ್. ಯಾರ ಮನೆಯಲ್ಲಿ ಗಾಡಿ ಇದೆ, ಯಾವ ದಾರಿ ತೆರೆದಿದೆ, ಆಸ್ಪತ್ರೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿಟ್ಟವರು ಮಗುವಿನ ಜೀವ ಉಳಿಸಿದಂತೆಯೇ.

ಇನ್ನು ರಕ್ತ. ರಕ್ತದಿಂದ ಬೇರ್ಪಡಿಸಿ ಈ ಮಕ್ಕಳಿಗೆ ಕೊಡುವ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಸಂಗ್ರಹಿಸಿಟ್ಟುಕೊಳ್ಳುವ ಮಾತಿಲ್ಲ. ವರ್ಷಕ್ಕೊಮ್ಮೆ ಜಯಂತಿಯ ದಿನ ಪೆಂಡಾಲ್ ಹಾಕಿ ಇನ್ನೂರು ಜನ ರಕ್ತ ಕೊಡುವುದು ಒಳ್ಳೆಯದೇ. ಆದರೆ ಈ ಮಕ್ಕಳಿಗೆ ಬೇಕಾದದ್ದು ಕರೆದ ದಿನ ಹುಬ್ಬಳ್ಳಿಗೆ ಬಸ್ ಹತ್ತುವ ನಾಲ್ಕು ಜನ. ಪೆಂಡಾಲ್ ನಡೆಸುವ ಯುವಕ ಮಂಡಳಗಳೇ ಇಂಥ ಪಟ್ಟಿಯೊಂದನ್ನು ಇಟ್ಟುಕೊಂಡರೆ ಆಯಿತು.

ನಮ್ಮ ಭಾಗಕ್ಕೇ ಸಲ್ಲುವ ಇನ್ನೊಂದು ಸಂಗತಿ ಹೊಲದ್ದು. ಅಪ್ಪ-ಅವ್ವ ಇಬ್ಬರೂ ಬೆಂಗಳೂರಿನಲ್ಲಿದ್ದರೆ ಅಣ್ಣಿಗೇರಿಯ ಎರೆಹೊಲದಲ್ಲಿ ಹಿಂಗಾರಿ ಕಡಲೆ ಬಿತ್ತುವವರು ಯಾರು? ಕುಂದಗೋಳದಲ್ಲಿ ಮೆಣಸಿನಕಾಯಿ ಬಿಡಿಸುವವರು ಯಾರು? ಒಂದು ಬೆಳೆ ಹೋದರೆ ಮುಂದಿನ ಚಿಕಿತ್ಸೆಗೆ ಹೊಲವೇ ಹೋಗುತ್ತದೆ. ಮುಯ್ಯಾಳಿನ ಪದ್ಧತಿ ನಮ್ಮಲ್ಲಿ ಪೂರ್ತಿ ಸತ್ತಿಲ್ಲ. ನಾಲ್ಕು ಮನೆಯವರು ಒಂದೊಂದು ದಿನ ಕೊಟ್ಟರೆ ಆ ಹೊಲ ಬಿತ್ತನೆಯಾಗುತ್ತದೆ. ಎಮ್ಮೆ ಹಿಂಡುವುದು, ಅಜ್ಜಿಯ ಹತ್ತಿರ ಬಿಟ್ಟುಹೋದ ಅಕ್ಕ-ತಮ್ಮಂದಿರಿಗೆ ಒಂದು ಹೊತ್ತು ಬುತ್ತಿ, ಇವಕ್ಕೆ ಯಾವ ಯೋಜನೆಯ ಹಣವೂ ಬರುವುದಿಲ್ಲ. ಇದಕ್ಕಿಂತ ದೊಡ್ಡ ಸ್ವಯಂಸೇವೆ ನನಗಂತೂ ತೋಚದು.

ಶಾಲೆಯಲ್ಲಿ ಮಾಸ್ತರರ ಪಾತ್ರ ದೊಡ್ಡದು. ಬೋಳುತಲೆಯ ಹುಡುಗ ಬಂದಾಗ ಈ ರೋಗ ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ ಎಂದು ಉಳಿದ ಮಕ್ಕಳಿಗೆ, ಅವರ ಮನೆಯವರಿಗೆ ಹೇಳಬೇಕು. ಹತ್ತುವ ಅಪಾಯ ಇರುವುದು ತಿರುಗುಮುರುಗಾಗಿ. ತರಗತಿಯಲ್ಲಿ ಯಾರಿಗಾದರೂ ಅಮ್ಮ ಬಂದರೆ, ಅಂದರೆ ಸೀತಾಳೆ ಸಿಡುಬು ಎದ್ದರೆ, ಅದೇ ದಿನ ಈ ಹುಡುಗನ ಮನೆಗೆ ಸುದ್ದಿ ಮುಟ್ಟಿಸಬೇಕು. ಉಳಿದವರಿಗೆ ವಾರದಲ್ಲಿ ವಾಸಿಯಾಗುವ ಸಿಡುಬು ಅವನ ಜೀವ ತೆಗೆಯಬಲ್ಲದು.

ಮುಂದೆ ನಿಲ್ಲುವವರು ಮಾಡಬಾರದ್ದೂ ಇದೆ. ಔಷಧದ ವಿಷಯದಲ್ಲಿ ಸಲಹೆ ಕೊಡಬಾರದು. “ಆರಾಮ ಆಗೇ ಆಗತಾನ” ಎಂದು ಮಾತು ಕೊಡಬಾರದು, ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಮಗು ಹೋದ ಮನೆಗೆ ಹದಿಮೂರನೆಯ ದಿನದ ನಂತರವೂ ಹೋಗಿ ಕೂಡ್ರುವವರು ಬೇಕು, ಅದು ಈ ಕೆಲಸದ ಅತಿ ಕಠಿಣ ಭಾಗ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತವರನ್ನು ಹಂಗಿಸಬಾರದು. ಹರಕೆಯೂ ಇರಲಿ, ಗುಳಿಗೆಯೂ ತಪ್ಪದಿರಲಿ. ಹಣ ಕೂಡಿಸಿದರೆ ಪೈಸೆ ಪೈಸೆಯ ಲೆಕ್ಕ ಊರ ಮುಂದೆ ಇಡಬೇಕು. ಫೆಬ್ರುವರಿ 15ರಂದು ಬಲೂನು ಹಿಡಿದು ವಾರ್ಡಿಗೆ ನುಗ್ಗಿ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುವ ಚಾಳಿಯಂತೂ ನಿಲ್ಲಬೇಕು. ಅದರಿಂದ ಮಕ್ಕಳಿಗೆ ಸಿಗುವುದು ನೆಗಡಿ, ತೆಗೆಸಿಕೊಂಡವರಿಗೆ ಪ್ರಚಾರ.

ಇಂಥವರನ್ನು ತಯಾರು ಮಾಡುವುದು ಹೇಗೆ? ಚಿಕಿತ್ಸೆ ಮುಗಿಸಿದ ಮಕ್ಕಳ ಅಪ್ಪ-ಅವ್ವಂದಿರಿಂದಲೇ ಶುರು ಮಾಡಬೇಕು. ಕಲಘಟಗಿಯ ತಾಯಿಗೆ ಬೆಂಗಳೂರಿನ ಆಪ್ತ ಸಲಹೆಗಾರರು ಅರ್ಧ ತಾಸು ಹೇಳಿದ್ದಕ್ಕಿಂತ, ಅದೇ ದಾರಿ ನಡೆದುಬಂದ ಇನ್ನೊಬ್ಬ ತಾಯಿ “ನನ್ನ ಮಗಗೂ ಹಿಂಗ ಕೂದಲಾ ಉದುರಿದ್ವು, ಈಗ ಕಾಲೇಜಿಗೆ ಹೋಗ್ತಾನ” ಎನ್ನುವುದು ಹೆಚ್ಚು ನಾಟುತ್ತದೆ. ಆಸ್ಪತ್ರೆಗಳು ಪ್ರತಿ ತಾಲ್ಲೂಕಿಗೆ ಇಂಥ ಇಬ್ಬರನ್ನು, ಅವರ ಒಪ್ಪಿಗೆ ಪಡೆದು, ಹೊಸ ಕುಟುಂಬಕ್ಕೆ ಪರಿಚಯಿಸಿದರೆ ಅರ್ಧ ಕೆಲಸ ಆದಂತೆ.

ಓದುಗರಲ್ಲಿ ಒಂದು ಬಿನ್ನಹ. ಮಗುವಿಗೆ ವಾರಗಟ್ಟಲೆ ಇಳಿಯದ ಜ್ವರ, ಮೈ ಬಿಳಿಚಿಕೊಳ್ಳುವುದು, ಪೆಟ್ಟಿಲ್ಲದೆ ಮೂಡುವ ಕರಿ ಕಲೆ, ರಾತ್ರಿ ಅಳಿಸುವ ಎಲುಬಿನ ನೋವು, ಕೊರಳಲ್ಲೋ ಹೊಟ್ಟೆಯಲ್ಲೋ ಗಡ್ಡೆ, ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂಥ ಬಿಳಿ ಹೊಳಪು ಕಂಡರೆ ಟೈಫಾಯಿಡ್ ಎಂದೋ ಕಾಮಣಿ ಎಂದೋ ಕಾಲ ಕಳೆಯದೆ ಮಕ್ಕಳ ವೈದ್ಯರಿಗೆ ತೋರಿಸಿ, ಅವರು ಹೇಳಿದ ಪರೀಕ್ಷೆ ಮಾಡಿಸಿ. ನಿಮ್ಮ ಓಣಿಯ ಮನೆಗಳಲ್ಲಿ ಪ್ರತಿ ಮಗುವಿನ ಹೆಸರೂ ರೇಷನ್ ಕಾರ್ಡಿನಲ್ಲಿ ಇದೆಯೇ ಎಂದು ಈ ವಾರವೇ ಕೇಳಿ ನೋಡಿ, ಇಲ್ಲದಿದ್ದರೆ ಮುಂದೆ ನಿಂತು ಸೇರಿಸಿಕೊಡಿ.